ಕಾಡ್ಗಿಚ್ಚು ತಡೆ ಸಪ್ತಾಹ

ಗುರುಪಾದಸ್ವಾಮಿ ಹೋಟೆಲಿನೊಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ಬೆಂಚಿನ ಮೇಲಿದ್ದವರೆಲ್ಲ ಅವನ ಬಾಯಿಯನ್ನು ನೋಡಿದರು, ಮುಖವನ್ನಲ್ಲ. ಅವನು ಏನೂ ಹೇಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಒಬ್ಬೊಬ್ಬರಾಗಿ ತಮ್ಮ ಲೋಟಗಳ ಕಡೆ ತಿರುಗಿದರು. ನಿಂತ ಮಾತು ನಿಂತ ಜಾಗದಿಂದಲೇ ಮುಂದುವರಿಯಿತು. ಕಗ್ಗಲಿದೊಡ್ಡಿ ಪಂಚಾಯಿತಿಗೆ ಮೈಕು ಬಂದು, ಅದನ್ನು ಹಿಡಿದು ಸಾರುವ ಕೆಲಸ ಅವನಿಗೆ ಸಿಕ್ಕಿದ ಮೇಲೆ ಹೀಗೇ ಆಗುತ್ತಿತ್ತು. ಮೊದಮೊದಲು ಅದನ್ನು ಮರ್ಯಾದೆ ಎಂದುಕೊಂಡಿದ್ದ. ಹನೂರಿನ ಸಂತೆಯಲ್ಲಿ ಕೂಡ ಯಾರೋ ಗುರುತು ಹಿಡಿದು, 'ನಿಮ್ಮ ಗಂಟಲು ರಾಮಾಪುರದ ರಸ್ತೆವರೆಗೂ ಕೇಳ್ತದಂತೆ' ಎಂದಾಗ ಎದೆ ಉಬ್ಬಿತ್ತು. ಈಗ ಸಿಟ್ಟು ಬರುತ್ತಿತ್ತು. ತನ್ನ ಎತ್ತಿಗೆ ಕಾಲುಬಾಯಿ ಜ್ವರ ಬಂದಿದೆ ಎಂದು ಹೇಳಿದರೂ ಇವರು ಸರ್ಕಾರದ ಎತ್ತಿಗೆ ಬಂದಿದೆ ಎನ್ನುವ ಹಾಗೆ ಕೇಳುತ್ತಾರೆ. ತಲೆಯಾಡಿಸುತ್ತಾರೆ. ಮರೆಯುತ್ತಾರೆ. ಹಿಂದಿನಿಂದ 'ಮೈಕಪ್ಪ' ಎನ್ನುತ್ತಾರೆ. ಅಪ್ಪ ಇಟ್ಟ ಹೆಸರು ಊರಿನಲ್ಲಿ ಎದುರಿಗೆ ಕರೆಯಲಷ್ಟೇ ಉಳಿದಿದೆ.

"ಇವತ್ತೇನ್ ಸಾರ್ತೀರಿ ಗುರುಪಾದಪ್ಪಾರೆ?" ಎಂದ ಹೋಟೆಲಿನ ಪುಟ್ಟಸಿದ್ದಯ್ಯ, ಟೀ ಎತ್ತಿ ಹೊಯ್ಯುತ್ತ. "ಮಕ್ಕಳ ಎರಬ್ಯಾಡಿ ಅಂತಲೋ, ಸೊಳ್ಳೆ ಸಾಯ್ಸಿ ಅಂತಲೋ?"

"ಬೆಂಕಿ."

"ಯಾರ್ಗೆ?"

ಬೆಂಚಿನವರು ನಕ್ಕರು. ನಗು ಬಂದದ್ದು ಮಾತಿಗಲ್ಲ, ತನಗೆ ಎಂದು ಅವನಿಗೆ ಅನ್ನಿಸಿತು. "ಬೆಂಕಿ ಸಪ್ತಾಹ. ಕಾಡಿಗೆ ಬೆಂಕಿ ಬೀಳ್ದಂಗೆ ನೋಡ್ಕಳೋದು. ಪ್ರಚಾರದ ಜೀಪು ಬತ್ತದೆ," ಎಂದ.

"ಓದೊರ್ಸ ಅಚ್ಚಿ ಆರ್ಸಿ ತೋರ್ಸಿದ್ರಲ್ಲ, ಅದಾ? ಇವತ್ತೂ ಅಚ್ತಾರಾ? ಅಂಗಿದ್ರೆ ಬಾಗ್ಲಾಕಂಡು ಬತ್ತೀನಿ ಕಣ್ರಪ್ಪ. ಪೆಪ್ಪರ್‌ಮೆಂಟೂ ಕೊಡ್ತಾರೆ."

ಹೋದ ವರ್ಷ ಶಾಲೆಯ ಬಯಲಿನಲ್ಲಿ ಒಂದು ಬಣವೆ ಹುಲ್ಲು ಒಟ್ಟಿ ಸೀಮೆಎಣ್ಣೆ ಹೊಯ್ದು ಬೆಂಕಿ ಹಚ್ಚಿದ್ದರು. ಅರಣ್ಯ ಇಲಾಖೆಯ ಖಾಕಿ ಚಡ್ಡಿಯವರು ಬಂದು ಸೊಪ್ಪಿನ ಕೊಂಬೆಗಳಿಂದ ಬಡಿದು, ಮರಳು ಎರಚಿ ಆರಿಸಿದ್ದರು. ಹುಡುಗರು ಶಿಳ್ಳೆ ಹಾಕಿದ್ದರು. ಬೆಂಕಿ ಆರಿಸುವುದನ್ನು ಕಗ್ಗಲಿದೊಡ್ಡಿಯವರಿಗೆ ಕಲಿಸಿಕೊಡಲು ಮೈಸೂರಿನ ಕಡೆಯ ಒಬ್ಬ ಬಂದಿದ್ದ. ಅವನ ಬೂಟಿಗೆ ಕಿಡಿ ಹಾರಿದಾಗ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಎಲ್ಲವನ್ನೂ ಗುರುಪಾದಸ್ವಾಮಿಯೇ ಮೈಕಿನಲ್ಲಿ ಬಣ್ಣಿಸಿದ್ದ. 'ನೋಡಿ, ಈಗ ಬೆಂಕಿ ಹಬ್ಬುತ್ತಿದೆ. ನೋಡಿ, ಈಗ ನಮ್ಮ ವೀರರು ಮುನ್ನುಗ್ಗುತ್ತಿದ್ದಾರೆ.' ಆ ಪುಸ್ತಕದ ಮಾತು ತನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಗಿತ್ತು. ಟೀ ನಾಲಿಗೆ ಸುಟ್ಟಿತು. ಅರ್ಧಕ್ಕೆ ಬಿಟ್ಟು ಎದ್ದ.

ಬೇವಿನ ಮರಕ್ಕೆ ಮೈಕಿನ ಹಾರ್ನು ಕಟ್ಟಲು ಏಣಿ ಹತ್ತಿದಾಗ ಎಮ್ಮೆಬೋರೆಯ ಮೇಲೆ ಹೊಗೆ ಕಂಡಿತು. ಊರಿನ ಹಿಂದಿನ ಬೆಟ್ಟದ ಇಳಿಜಾರು ಅದು. ಮನೆ ಹೊದಿಸುವ ಹುಲ್ಲು ಅಲ್ಲಿಯದೇ, ನೆಲ್ಲಿಕಾಯಿ ಅಲ್ಲಿಯದೇ, ಬೇಸಗೆಯಲ್ಲಿ ಊರ ದನವೆಲ್ಲ ಅಲ್ಲೇ. ಹೊಗೆ ತೆಳ್ಳಗೆ, ನೆಟ್ಟಗೆ ಏಳುತ್ತಿತ್ತು. ಯಾರೋ ಜೇನು ಬಿಡಿಸುವವರು ಇರಬೇಕು ಎಂದುಕೊಂಡ. ತಂತಿಯನ್ನು ಕೊಂಬೆಗೆ ಸುತ್ತುತ್ತ ಮತ್ತೆ ನೋಡಿದ. ಹೊಗೆಯ ಬುಡ ಅಗಲವಾಗಿತ್ತು. ಮದ್ರಾಸಿನವರ ಕಾಲದಲ್ಲಿ, ಈ ಸೀಮೆ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದಾಗ, ಇಷ್ಟು ಹೊಗೆ ಕಂಡರೆ ಸಾಕಾಗಿತ್ತು. ಕೇರಿಯ ದೊಡ್ಡಮಾದಯ್ಯ ತಮಟೆ ಕಾಯಿಸಿ ಬೆಂಕಿಯ ಬಡಿತ ಬಡಿಯುತ್ತಿದ್ದ. ಸಾವಿಗೆ ಬೇರೆ, ಮದುವೆಗೆ ಬೇರೆ, ಕಂದಾಯಕ್ಕೆ ಬೇರೆ. ಬೆಂಕಿಯ ಬಡಿತ ಮಾತ್ರ ಉಸಿರು ಕಟ್ಟಿ ಓಡುವವನ ಎದೆಯ ಹಾಗೆ. ಅದರಲ್ಲಿ ಮಾತೇ ಇರಲಿಲ್ಲ. ಮನೆಗೊಬ್ಬ ಆಳು ಹೊಂಗೆಯ ಕೊಂಬೆ ಮುರಿದುಕೊಂಡು ಓಡಬೇಕು. ಓಡದ ಮನೆಯ ದನವನ್ನು ಆ ವರ್ಷ ಬೋರೆಗೆ ಹತ್ತಿಸುವ ಹಾಗಿಲ್ಲ. ಹುಡುಗನಾಗಿದ್ದಾಗ ಗುರುಪಾದಸ್ವಾಮಿಯೂ ಓಡಿದ್ದ. ಕೆಳಗೆ ಬಂದು ಅವ್ವ ಕೊಟ್ಟ ಮಜ್ಜಿಗೆ ಕುಡಿದಾಗ ಮಜ್ಜಿಗೆಯೂ ಹೊಗೆ ವಾಸನೆ ಹೊಡೆದಿತ್ತು. ಆಗಲೂ ಕಾಡು ಸರ್ಕಾರದ್ದೇ ಆಗಿತ್ತಂತೆ. ಆದರೆ ಅದನ್ನು ಯಾರೂ ಸಾರಿ ಹೇಳಿರಲಿಲ್ಲ.

ಸಾರಿ ಹೇಳಿದವನು ಅವನೇ. ಮೈಕು ಬಂದ ದಿನ ಚೇರ್ಮನ್ ಸದಾಶಿವಪ್ಪನವರು, "ಇನ್ನು ತಮಟೆ ಗಿಮಟೆ ಯಾಕ್ಲಾ, ನಾವೇನು ಹಳೇ ಕಾಲದವರಾ?" ಎಂದಿದ್ದರು. ಎಲ್ಲರಿಗೂ ಅದು ಸರಿ ಎನ್ನಿಸಿತ್ತು. ತಮಟೆ ಹಿಡಿಯುವುದು ಕೇರಿಯವನ ಕೆಲಸ, ಮೈಕು ಹಿಡಿಯುವುದು ಶಿವಾಚಾರದ ಮನೆತನದವನ ಕೆಲಸವಾಯಿತು. ಕೆಲಸ ಒಂದೇ ಎಂದು ಯಾರೂ ಹೇಳಲಿಲ್ಲ, ಅವನೂ ಹೇಳಿಕೊಳ್ಳಲಿಲ್ಲ. 'ಗ್ರಾಮಸ್ಥರ ಗಮನಕ್ಕೆ. ಅರಣ್ಯವು ಸರ್ಕಾರದ ಸ್ವತ್ತಾಗಿದೆ. ಅನುಮತಿ ಇಲ್ಲದೆ ಪ್ರವೇಶಿಸುವವರ ಮೇಲೆ ಕ್ರಮ ಜರುಗಿಸಲಾಗುವುದು.' ಸರ್ಕಾರದ ಸ್ವತ್ತು ಎನ್ನುವಾಗ ದನಿಯನ್ನು ಸ್ವಲ್ಪ ಕೆಳಕ್ಕೆ ಇಳಿಸಿ, ಕ್ರಮ ಎನ್ನುವಾಗ ಏರಿಸುತ್ತಿದ್ದ. ಹಾಗೆ ಮಾಡೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ತಿಂಗಳು ತಿಂಗಳು ಕೇಳಿ ಕೇಳಿ ಜನಕ್ಕೆ ಅದು ಬಾಯಿಪಾಠವಾಯಿತು. ಹುಡುಗರು ಗೋಲಿ ಆಡುವಾಗ ಗೆರೆ ಎಳೆದು 'ಸರ್ಕಾರದ ಸ್ವತ್ತಾಗಿದೆ' ಎನ್ನುತ್ತಿದ್ದರು. ಹುಲ್ಲು ಕೊಯ್ಯಲು ಹೋಗುವ ಹೆಂಗಸರು ತಮ್ಮದೇ ಬೋರೆಗೆ ಕಳ್ಳರ ಹಾಗೆ ಹೋಗತೊಡಗಿದರು. ಕಳ್ಳರ ಹಾಗೆ ಹೋದವರು ಕಳ್ಳರ ಹಾಗೆಯೇ ಕೊಯ್ದರು: ಬುಡ ಬಿಡದೆ, ನಾಳೆ ತಮಗೆ ಸಿಕ್ಕೀತೋ ಇಲ್ಲವೋ ಎಂದು. ಇದನ್ನೆಲ್ಲ ಅವನು ಕಣ್ಣಾರೆ ಕಂಡಿದ್ದ. ಕಂಡದ್ದನ್ನು ಹೇಳಲು ಅವನಿಗೆ ಬೇರೆ ಬಾಯಿ ಇರಲಿಲ್ಲ.

ಜೀಪು ಬಂದಾಗ ಹೊಗೆ ಬೂದಿಯ ಬಣ್ಣ ಬಿಟ್ಟು ಕಂದುಬಣ್ಣಕ್ಕೆ ತಿರುಗಿತ್ತು. ಜನ ಆಗಲೇ ಬೇವಿನ ಕಟ್ಟೆಯ ಸುತ್ತ ಕೂತಿದ್ದರು. ಪ್ರಚಾರದ ಅಧಿಕಾರಿ ಸಣ್ಣ ಪ್ರಾಯದವನು, ಕನ್ನಡಕ ಒರೆಸಿಕೊಂಡು ಬ್ಯಾನರು ನೆಟ್ಟಗಿದೆಯೇ ಎಂದು ನೋಡುತ್ತಿದ್ದ. ಗುರುಪಾದಸ್ವಾಮಿ ಹತ್ತಿರ ಹೋಗಿ, "ಸಾ, ಬೆಟ್ಟಕ್ಕೆ ಬೆಂಕಿ ಬಿದ್ದದೆ," ಎಂದ.

"ಹೌದು, ಅದೇ ನಮ್ಮ ವಿಷಯ. ನೀವು ಸ್ವಾಗತ ಮಾಡಿಬಿಡಿ."

"ವಿಷ್ಯ ಅಲ್ಲ ಸಾ. ಅಲ್ಲಿ ನೋಡಿ."

ಅಧಿಕಾರಿ ನೋಡಿದ. ಒಂದು ಕ್ಷಣ ಅವನ ಮುಖದಲ್ಲಿ ಏನೋ ಕಂಡಿತು, ಮನುಷ್ಯನ ಮುಖದಲ್ಲಿ ಕಾಣಬೇಕಾದದ್ದು. ಆಮೇಲೆ ಕೈಗಡಿಯಾರ ನೋಡಿಕೊಂಡ. "ಕಾಡಿನವರು ನೋಡಿಕೊಳ್ತಾರೆ. ಅವರಿಗೆ ಅದಕ್ಕೇ ಸಂಬಳ. ಕೊಳ್ಳೇಗಾಲದಿಂದ ತಾಲ್ಲೂಕು ಬೋರ್ಡಿನ ಅಧ್ಯಕ್ಷರು ಹೊರಟಿದ್ದಾರೆ, ಬರೋ ಹೊತ್ತಿಗೆ ಜನ ಇರಬೇಕು. ಜನ ಚದುರಿದರೆ ನನ್ನ ಕಥೆ ಮುಗೀತು, ಸ್ವಾಮಿ. ದಯವಿಟ್ಟು." ಆ ದಯವಿಟ್ಟು ಎಂಬ ಮಾತೇ ಗುರುಪಾದಸ್ವಾಮಿಯನ್ನು ರೇಗಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಸದಾಶಿವಪ್ಪನವರ ಕಡೆ ತಿರುಗಿದ. ಅವರು ಕುರ್ಚಿಯಲ್ಲಿ ಕೂತು, ಎಲೆಯಡಿಕೆಯನ್ನು ಒಂದು ಕೆನ್ನೆಗೆ ದೂಡಿ, "ನೀನೇ ಸಾರಿದ್ದಲ್ಲೋ, ಒಳಿಕ್ಕೆ ಕಾಲಿಟ್ರೆ ಕೇಸು ಅಂತ. ಈಗ ನೀನೇ ನುಗ್ಗು ಅಂತೀಯಾ? ಅವರ ಕಾಡು, ಅವರು ಆರ್ಸ್ಕತಾರೆ. ಸುಮ್ಕೆ ಕೂತ್ಕ," ಎಂದರು.

ಅವನು ಕೂರಲಿಲ್ಲ. ಮೈಕು ತೆಗೆದುಕೊಂಡ. ಊದಿ ನೋಡುವ ಅಭ್ಯಾಸ, ಊದಿದ. ಹಾರ್ನಿನಿಂದ ಬಿರುಗಾಳಿಯಂಥ ಶಬ್ದ ಬಂತು. ಜನ ಮಾತು ನಿಲ್ಲಿಸಿ ಅವನ ಬಾಯಿಯನ್ನು ನೋಡಿದರು. ಈಗ ಇವರು ಎದ್ದರೆ ಸರಿ, ಏಳದಿದ್ದರೆ ತಾನು ಇಷ್ಟು ವರ್ಷ ಕೂಗಿದ್ದೆಲ್ಲ ಏನು ಎಂದು ಯೋಚನೆ ಹಾಯಿತು. "ಗ್ರಾಮಸ್ಥರೇ," ಎಂದ. ಹಾಗೆ ಶುರುಮಾಡಬಾರದಿತ್ತು. "ಎಮ್ಮೆಬೋರೆಗೆ ಬೆಂಕಿ ಬಿದ್ದಿದೆ. ಎಲ್ಲರೂ ಕೊಂಬೆ ಹಿಡಿದು ಈ ಕೂಡಲೇ ಹೊರಡಬೇಕಾಗಿ ಕೋರಲಾಗಿದೆ." ಕೋರಲಾಗಿದೆ! ಯಾರು ಕೋರಿದ್ದು? ಬಾಯಿ ತನ್ನಷ್ಟಕ್ಕೆ ಆಡಿಬಿಟ್ಟಿತ್ತು. ಜನ ಒಟ್ಟಿಗೆ ತಲೆ ತಿರುಗಿಸಿ ಬೆಟ್ಟ ನೋಡಿದರು, ಒಟ್ಟಿಗೆ ಇತ್ತ ತಿರುಗಿದರು. ಮುಂದಿನ ಸಾಲಿನಲ್ಲಿ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಪುಟ್ಟಬಸಮ್ಮ ಪಕ್ಕದವಳಿಗೆ, "ಈ ಸಲ ದೊಡ್ಡದಾಗೇ ಅಚ್ಚವ್ರೆ ಕಣವ್ವ. ಓದೊರ್ಸ ಒಂದು ಬಣವೆ, ಈ ವರ್ಸ ಬೆಟ್ಟಕ್ಕೇ ಇಟ್ಟವ್ರೆ!" ಎಂದಳು. ನಗು ಸಾಲಿನಿಂದ ಸಾಲಿಗೆ ಹೋಯಿತು. ಯಾರೋ ಚಪ್ಪಾಳೆ ತಟ್ಟಿದರು.

"ಇದು ತೋರ್ಸೋ ಬೆಂಕಿ ಅಲ್ಲ ಕಣ್ರೋ! ನಿಜವಾದ್ದು!"

"ಓದೊರ್ಸಾನೂ ನಿಜವಾದ್ದು ಅಂತಲೇ ಅಂದ್ರಿ ಗುರುಪಾದಪ್ಪಾರೆ," ಎಂದ ಪುಟ್ಟಸಿದ್ದಯ್ಯ ಹಿಂದಿನಿಂದ. "ವೀರರು ನುಗ್ತಾವ್ರೆ ಅಂದ್ರಿ. ವೀರರು ಎಲ್ಲಿ, ಇನ್ನೂ ಜೀಪಿಂದ ಇಳೀಲಿಲ್ವಾ?"

ಗುರುಪಾದಸ್ವಾಮಿ ಮೈಕನ್ನು ಕಟ್ಟೆಯ ಮೇಲೆ ಕುಕ್ಕಿದ. ಹಾರ್ನು ಕಿರ್‍ರೆಂದು ಕಿರುಚಿತು. ಮಕ್ಕಳು ಅದಕ್ಕೂ ನಕ್ಕರು. ಒಳ್ಳೆಯ ಜನ ಇವರು. ಯಾರದಾದರೂ ಮನೆಗೆ ಬೆಂಕಿ ಬಿದ್ದರೆ ಬಾವಿಗೇ ಧುಮುಕಿ ನೀರು ತರುವವರು. ಆದರೆ ಕಾಡಿನ ಬೆಂಕಿ ಎಂಬುದು ಈಗ ಇವರಿಗೆ ಬೇವಿನ ಮರದಿಂದ ಕೇಳಿಬರುವ ಒಂದು ವಿಷಯ. ಸಪ್ತಾಹದ್ದು. ಅದನ್ನು ನೋಡಬೇಕು, ಪೆಪ್ಪರ್‌ಮೆಂಟು ತೆಗೆದುಕೊಳ್ಳಬೇಕು, ಮನೆಗೆ ಹೋಗಬೇಕು.

ಅವನು ಕೇರಿಯ ಕಡೆ ಓಡುನಡಿಗೆಯಲ್ಲಿ ಹೋದ. ಮೊದಲ ಹೊಂಗೆ ಮರದ ಹತ್ತಿರ ಕಾಲು ತಾನಾಗಿ ನಿಂತಿತು. ಅವನ ಅಪ್ಪನ ಕಾಲೂ ಅಲ್ಲೇ ನಿಲ್ಲುತ್ತಿತ್ತು. ಬೆಟ್ಟ ಉರಿಯುತ್ತಿದೆ, ತಾನು ಮರದ ನೆರಳು ದಾಟುತ್ತಿಲ್ಲ ಎಂಬುದು ಗೊತ್ತಾಯಿತು. ಗೊತ್ತಾದರೂ ದಾಟಲಿಲ್ಲ. "ಲೇ ದೊಡ್ಡಮಾದಾ," ಎಂದು ಅಲ್ಲಿಂದಲೇ ಕೂಗಿದ. ತನಗಿಂತ ದೊಡ್ಡವನಿಗೆ ಲೇ ಎಂದದ್ದು ಇವತ್ತು ಮಾತ್ರ ಕಿವಿಗೆ ಬಿತ್ತು.

ದೊಡ್ಡಮಾದಯ್ಯ ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತ. ಸಭೆಗೆ ಅವನು ಹೋಗಿರಲಿಲ್ಲ. ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡ, ಅಷ್ಟೆ.

"ತಮಟೆ ತಗಿ. ಬೋರೆಗೆ ಬೆಂಕಿ ಬಿದ್ದದೆ."

"ಕಾಣ್ತಾ ಅದೆ ಬುದ್ಧಿ."

"ಕಾಣ್ತಾ ಇದ್ರೆ ಬಡಿಯಕ್ಕೇನ್ಲಾ?"

"ಕಾಯಿಸ್ಬೇಕಲ್ಲ. ಚರ್ಮ ಮೆತ್ತಗಾಗ್ಬುಟ್ಟದೆ. ಉಲ್ಲುರಿ ಅಚ್ಚಿ ಕಾಯಿಸ್ದೆ ಇದ್ರೆ ಸದ್ದೇ ಏಳಲ್ಲ. ಈ ವಾರ ಬಯಲಲ್ಲಿ ಕಡ್ಡಿ ಗೀರಿದ್ರೂ ಇಡೀತಾರೆ ಅಂತ ನೀವೇ ನಿನ್ನೆ ಸಾರಿದ್ರಿ."

"ನಾನೇ ಏಳ್ತಾ ಇದೀನಿ, ಅಚ್ಚು!"

"ಈಗ ಏಳ್ತಾ ಇರೋರು ಮೈಕಾ, ನೀವಾ?" ದೊಡ್ಡಮಾದಯ್ಯ ಕೇಳಿದ. ಕೊಂಕಿನಿಂದ ಕೇಳಿದ ಹಾಗಿರಲಿಲ್ಲ. ತಿಳಿದುಕೊಳ್ಳಲೇಬೇಕಾದವನ ಹಾಗೆ ಕೇಳಿದ. "ಮೈಕಾದ್ರೆ ನಿನ್ನೆ ಏಳಿದ್ದೇ ಖಾಯಂ. ನೀವಾದ್ರೆ, ಗಾರ್ಡು ಬಂದಾಗ ನೀವು ನಂಜೊತೆ ನಿಂತ್ಕತೀರಾ? ಓದೊರ್ಸ ನನ್ನ ಅಳಿಯ ಬೆಂಕಿ ಆರ್ಸಕ್ಕೆ ಓಗಿ ಬೆಂಕಿ ಇಟ್ಟೋನು ಅನ್ನುಸ್ಕಂಡ. ಕೈಯಲ್ಲಿ ಸುಟ್ಟ ಸೊಪ್ಪಿತ್ತು, ಅದೇ ಸಾಕ್ಷಿ. ಮಾರನೆ ದಿನ ನೀವು ಅದನ್ನೂ ಸಾರಿದ್ರಿ. ಎಸರು ಕೂಗಿ ಏಳಿದ್ರಿ."

ಸಾರಿದ್ದ. ಹೆಸರು ಬರೆದ ಚೀಟಿಯನ್ನು ಯಾರೋ ಕೈಗಿಟ್ಟಿದ್ದರು, ಓದಿದ್ದ. ಅದು ಯಾರ ಅಳಿಯ ಎಂದು ಓದುವಾಗ ಹೊಳೆದಿರಲಿಲ್ಲ; ಹೊಳೆದಿದ್ದರೂ ಓದುತ್ತಿದ್ದ. ಈಗ ಬಾಯಿಗೆ ಬಂದ ಬೈಗುಳವನ್ನು ಬೈದ, ಜಾತಿ ಹಿಡಿದು ಬೈದ. ದೊಡ್ಡಮಾದಯ್ಯ ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಕದ ಹಾಕಿದ ಸದ್ದು ಕೂಡ ಮೆಲ್ಲಗಿತ್ತು.

ಗುರುಪಾದಸ್ವಾಮಿ ಕೇರಿಯ ಕಣ್ಣೆದುರೇ ಹೊಂಗೆಯ ಕೊಂಬೆ ಮುರಿದುಕೊಂಡು ಒಬ್ಬನೇ ಬೋರೆ ಹತ್ತತೊಡಗಿದ. ಹಿಂದಿನಿಂದ ತನ್ನದಲ್ಲದ ದನಿ ಹಾರ್ನಿನಲ್ಲಿ ಬರುತ್ತಿತ್ತು: ಅಧಿಕಾರಿ ತಾನೇ ಸ್ವಾಗತ ಮಾಡುತ್ತಿದ್ದ. 'ಕಾಡು ನಮ್ಮ ತಾಯಿ ಇದ್ದ ಹಾಗೆ...' ಗಾಳಿ ತಿರುಗಿದಾಗ ಮಾತು ನಿಂತು ಬೆಂಕಿಯ ಸದ್ದು ಕೇಳಿತು. ಬೆಂಕಿಗೆ ಇಂಥ ಸದ್ದಿದೆ ಎನ್ನುವುದನ್ನು ಅವನು ಮರೆತಿದ್ದ. ಯಾರೋ ದೊಡ್ಡ ಬಟ್ಟೆಯನ್ನು ಹರಿಯುತ್ತಲೇ ಇರುವ ಹಾಗೆ. ಹುಲ್ಲಿನ ಅಂಚಿನಲ್ಲಿ ಮೊಣಕಾಲುದ್ದದ ಉರಿ ಸಾಲಾಗಿ ಬರುತ್ತಿತ್ತು. ಬಡಿದ. ಬಡಿದ ಕಡೆ ಆರಿತು, ಎಡಕ್ಕೆ ಎದ್ದಿತು. ಎಡಕ್ಕೆ ಬಡಿದ, ಬಲಕ್ಕೆ ಎದ್ದಿತು. ಸಾಲಿನ ಬೆಂಕಿಗೆ ಸಾಲು ಜನ ಬೇಕು, ಇದು ಅವನಿಗೆ ಗೊತ್ತಿದ್ದದ್ದೇ. ಆದರೂ ಬಡಿದ, ಬೆಂಕಿಯನ್ನೋ ಪುಟ್ಟಸಿದ್ದಯ್ಯನ ಮುಖವನ್ನೋ ತನ್ನ ಮುಖವನ್ನೋ ಎಂದು ತಿಳಿಯದ ಹಾಗೆ. ಒಂದು ಮೊಲ ಮೈಗೆ ಹತ್ತಿಕೊಂಡ ಉರಿಯನ್ನೇ ಹೊತ್ತು ಒಣಹುಲ್ಲಿಗೆ ಓಡಿತು, ಓಡಿದಲ್ಲೆಲ್ಲ ಬೆಂಕಿ ಇಟ್ಟುಕೊಂಡು ಹೋಯಿತು. ಅವನು ಅದರ ಹಿಂದೆ ಓಡಿ ಎಡವಿ ಬಿದ್ದ. ಎಡಗೈ ಕೆಂಡದ ಮೇಲೆ ಊರಿತು. ನೋವು ತಕ್ಷಣ ಬರಲಿಲ್ಲ, ವಾಸನೆ ಮೊದಲು ಬಂತು. "ಬರ್ರೋ!" ಎಂದು ಕೂಗಿದ. ಮೈಕಿಲ್ಲದ ಅವನ ದನಿ ಹತ್ತು ಮಾರು ಹೋಗಿ ಬಿದ್ದಿತು. ತನ್ನ ಗಂಟಲು ಇಷ್ಟೇ ಎಂದು ಆಗ ಗೊತ್ತಾಯಿತು. ಹೊಗೆಗೆ ವಾಂತಿ ಬಂತು. ಬಂಡೆಯ ಮರೆಗೆ ತೆವಳಿ ಹೋಗಿ ಕಕ್ಕಿದ, ಅಲ್ಲೇ ಒರಗಿದ.

ಇಡೀ ಇಳಿಜಾರನ್ನು ತಿಂದ ಬೆಂಕಿ ಗಾಡಿದಾರಿಯ ಬರೀ ಮಣ್ಣಿಗೆ ಬಂದು, ಮುಂದೆ ತಿನ್ನಲು ಏನೂ ಇಲ್ಲದೆ, ತಾನೇ ಆರಿತು. ಆಮೇಲೆ ಜನ ಬಂದರು. ಕೊಳ್ಳೇಗಾಲದಿಂದ ಬರಬೇಕಿದ್ದ ಅಧ್ಯಕ್ಷರು ಕ್ಯಾಮರಾದವನೊಬ್ಬನ ಜೊತೆ ಬಂದಿದ್ದರು. ಸಭೆಯನ್ನು ಹಾಗೆಯೇ ಎಬ್ಬಿಸಿಕೊಂಡು, ಮೆರವಣಿಗೆಯ ಹಾಗೆ, ಬೆಂಕಿ ಬಿದ್ದ ಜಾಗ ನೋಡಲು ಹತ್ತಿ ಬಂದರು. ಬಂಡೆಯ ಮರೆಯಿಂದ ಗುರುಪಾದಸ್ವಾಮಿ ನೋಡಿದ. ಅಧಿಕಾರಿ ಕೊಂಬೆಗಳನ್ನು ಹಂಚುತ್ತಿದ್ದ. "ಹೀಗೆ ಹಿಡೀರಿ. ನೆಲಕ್ಕೆ ಬಡೀರಿ. ಅಮ್ಮಾ, ನಗಬೇಡಿ." ಪುಟ್ಟಬಸಮ್ಮ ಬಡಿದಳು, ಬೂದಿ ಎದ್ದಿತು. ಸದಾಶಿವಪ್ಪನವರು ಪಂಚೆ ಎತ್ತಿ ಕಟ್ಟಿ ಬಡಿದರು. ಅಧಿಕಾರಿ ಯಾರನ್ನೋ ಕೆಳಕ್ಕೆ ಅಟ್ಟಿ ಕೇರಿಯವರನ್ನೂ ಕರೆಸಿದ, 'ಎಲ್ಲರೂ ಇರಬೇಕು' ಎಂದು. ಅವರು ಬಂದು ಕೊನೆಯಲ್ಲಿ ನಿಂತರು. ಕಾಡಿನ ಗಾರ್ಡು ಕೂಡ ಟೋಪಿ ಸರಿಮಾಡಿಕೊಂಡು ನಿಂತ. ಈಗ ಎದ್ದು ಹೋದರೆ ತನ್ನನ್ನೂ ನಿಲ್ಲಿಸುತ್ತಾರೆ, ಕೊಂಬೆ ಕೊಟ್ಟು. ಅಂಗಿಯ ಮೇಲೆ ವಾಂತಿ ಇತ್ತು. ಅವನು ಏಳಲಿಲ್ಲ. ಅವರೆಲ್ಲ ಇಳಿದು ಹೋದ ಮೇಲೆ ಸುತ್ತುದಾರಿಯಲ್ಲಿ ಮನೆಗೆ ಬಂದ. ಹೆಂಡತಿ ಶಿವರತ್ನಮ್ಮ ಕೈ ನೋಡಿ ಎದೆ ಬಡಿದುಕೊಂಡು, "ಏನಾಯ್ತು?" ಎಂದಳು. ಒಬ್ಬನೇ ಹೋಗಿದ್ದೆ, ಯಾರೂ ಬರಲಿಲ್ಲ ಎಂದು ಹೆಂಡತಿಗೆ ಹೇಳಲು ನಾಚಿಕೆಯಾಯಿತು. "ಮೈಕಿನ ಬ್ಯಾಟ್ರಿ ಉರಿನೀರು ಚೆಲ್ತು," ಎಂದ. ಅವಳು ಬ್ಯಾಟರಿಗೆ ಶಾಪ ಹಾಕುತ್ತ ಲೋಳೆಸರ ಹಚ್ಚಿದಳು.

ವಾರ ಕಳೆದ ಮೇಲೆ ಒಂದು ಸಂಜೆ ಪಂಚಾಯಿತಿಯ ರೇಡಿಯೋದಲ್ಲಿ ಊರಿನ ಹೆಸರು ಬಂತು. ಮಾತಿನ ನಡುವೆ 'ಕೊಳ್ಳೇಗಾಲ ತಾಲ್ಲೂಕಿನ ಕಗ್ಗಲಿದೊಡ್ಡಿ' ಎಂದದ್ದೇ, ಜಗಲಿಯ ಮೇಲಿದ್ದವರೆಲ್ಲ ಉಸಿರು ಬಿಗಿಹಿಡಿದರು. 'ಧ್ವನಿವರ್ಧಕದ ಕರೆಗೆ ಓಗೊಟ್ಟು, ಮೇಲು ಕೀಳೆಂಬ ಭೇದ ಮರೆತು, ಹಸಿರು ಕೊಂಬೆಗಳನ್ನು ಹಿಡಿದು ಧಾವಿಸಿದ ಗ್ರಾಮಸ್ಥರು ತಮ್ಮ ಅರಣ್ಯವನ್ನು ಉಳಿಸಿಕೊಂಡರು.' ಎಷ್ಟು ಚೆನ್ನಾದ ದನಿ! ಎಲ್ಲಿ ಏರಬೇಕೋ ಅಲ್ಲಿ ಏರಿ, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯುವ ದನಿ. ಸದಾಶಿವಪ್ಪನವರು ಎದ್ದು ನಿಂತು ಪಂಚೆ ಕೊಡವಿಕೊಂಡರು. ಪುಟ್ಟಸಿದ್ದಯ್ಯ, "ನನ್ನ ಕಾಲು ಇನ್ನೂ ನೋಯ್ತಾ ಅದೆ ಕಣ್ರಪ್ಪ, ಏನ್ ಓಟ ಅವತ್ತು!" ಎಂದ. ಯಾರೂ ನಗಲಿಲ್ಲ. ಹಾಸ್ಯ ಮಾಡುತ್ತಿದ್ದಾನೆಂದು ಗುರುಪಾದಸ್ವಾಮಿ ಅವನ ಮುಖ ನೋಡಿದ. ಹಾಸ್ಯವಿರಲಿಲ್ಲ. ಅವನ ಹಿಂದೆ, ಕರಿ ಬೋಳು ಬೆಟ್ಟ ಎಲ್ಲರಿಗೂ ಕಾಣುವ ಹಾಗೆ ನಿಂತಿತ್ತು. ಉಳಿಸಿಕೊಂಡ ಅರಣ್ಯ. ಯಾರೂ ತಿರುಗಿ ನೋಡಲಿಲ್ಲ. ನೋಡಿದವರೂ, ನಾವು ಹೋಗದಿದ್ದರೆ ಇನ್ನೂ ಎಷ್ಟು ಹೋಗುತ್ತಿತ್ತೋ ಎಂದರು.

ಮಾರನೆಯ ದಿನ ಅವನು ಹೊಂಗೆ ಮರ ದಾಟಿ ದೊಡ್ಡಮಾದಯ್ಯನ ಜಗಲಿಯವರೆಗೂ ಹೋದ. ದಾಟಿದ್ದು ಈ ಸಲ ಗೊತ್ತೇ ಆಗಲಿಲ್ಲ. "ನೀನು ನೋಡಿದ್ದೆ," ಎಂದ. "ನಾನೊಬ್ನೇ ಓಗಿದ್ದು ನೀನು ನೋಡಿದ್ದೆ. ಯಾರೂ ಬರ್ಲಿಲ್ಲ ಅನ್ನೋದು ನಿನಗೆ ಗೊತ್ತು. ನಾಳೆ ಪಂಚಾಯಿತಿಲಿ ಈ ಮಾತು ಏಳು."

ದೊಡ್ಡಮಾದಯ್ಯ ಕೂರಲು ಚಾಪೆ ಹಾಕಿದ. ಹಾಕಿದ ಮೇಲೆ, ಇವನು ಕೂರುತ್ತಾನೋ ಇಲ್ಲವೋ ಎಂದು ನೋಡಲಿಲ್ಲ. "ಏನಂತ ಏಳ್ಲಿ ಬುದ್ಧಿ? ನಾವೂ ಓಗಿದ್ವಿ ಅಂತ ರೇಡಿಯೋಲಿ ಬಂದದೆ. ಗಾರ್ಡು ನಿನ್ನೆ ಕೇರಿಗೆ ಬಂದು ನನ್ನ ಅಳಿಯನ ಬೆನ್ನು ತಟ್ಟಿದ. ಅಳೇ ಕೇಸು ಬುಡುಸ್ತೀನಿ ಅಂದ. ನಮ್ಮ ಕೇರಿ ಬಗ್ಗೆ ಒಂದು ಒಳ್ಳೆ ಮಾತು ನಾಕು ಜನದ ಕಿವಿಗೆ ಬಿದ್ದದೆ, ಅದೂ ಸುಳ್ಳಿನಲ್ಲಿ. ನಿಜ ಬೇಕಾದಾಗ ನಿಮ್ಮ ಮೈಕಿತ್ತಲ್ಲ, ಆವಾಗ ನಮ್ಮುಡುಗ್ನ ಏನಂತ ಸಾರಿದ್ರಿ?" ಚಾಪೆಯ ಅಂಚು ನೆಟ್ಟಗೆ ಮಾಡುತ್ತ, "ನಿಮಗೇನು ಕಮ್ಮಿಯಾಗದೆ? ನಿಮ್ಮ ಕರೆಗೇ ಓಡಿದ್ರು ಅಂತ ಬಂದದಲ್ಲ. ಇರ್ಲಿ ಬುಡಿ," ಎಂದ.

ನಿಮಗೇನು ಕಡಿಮೆಯಾಗಿದೆ? ಗುರುಪಾದಸ್ವಾಮಿ ಸಿಟ್ಟು ಹುಡುಕಿದ; ಅದು ಇರುವ ಜಾಗದಲ್ಲಿ ಇರಲಿಲ್ಲ. ಗದ್ದೆಯ ಬದುವಿನ ಮೇಲೆ ನಡೆಯುತ್ತ ಬೆಂಕಿಯನ್ನು ನೆನಪಿಗೆ ತಂದುಕೊಳ್ಳಲು ನೋಡಿದ: ಹರಿಯುವ ಬಟ್ಟೆಯ ಸದ್ದು, ಮೊಲ. ಮೊಲ ಬಂತು. ಆದರೆ ಅದರ ಹಿಂದೆಯೇ ಪುಟ್ಟಸಿದ್ದಯ್ಯ ಓಡಿಬಂದ, ಕೊಂಬೆ ಹಿಡಿದು. ಅವನನ್ನು ಎಷ್ಟು ಅಟ್ಟಿದರೂ ಹೋಗಲಿಲ್ಲ.

ಯುಗಾದಿಯ ಮುಂಚೆ ಕಾಮಗೆರೆಯಿಂದ ಶಿವರತ್ನಮ್ಮನ ಅಕ್ಕ ಚನ್ನಾಜಮ್ಮ, ಅವಳ ಗಂಡ ಕೆಂಪನಂಜಪ್ಪ ಬಂದಿದ್ದರು. ಊಟಕ್ಕೆ ಕೂತಾಗ ಕೆಂಪನಂಜಪ್ಪ, "ನಿಮ್ಮೂರು ರೇಡಿಯೋದಲ್ಲಿ ಬಂತಲ್ಲ ಗುರುಪಾದಪ್ಪ, ನಮ್ಮೂರಲ್ಲೆಲ್ಲ ಅದೇ ಮಾತು," ಎಂದ. ಗುರುಪಾದಸ್ವಾಮಿ ಅನ್ನ ಕಲಸುತ್ತಿದ್ದ. ಶಿವರತ್ನಮ್ಮನೇ ಶುರುಮಾಡಿದಳು: "ಅಯ್ಯೋ ಏನ್ ಕೇಳ್ತೀರಿ ಭಾವ, ಇವ್ರು ಮೈಕ್ ಇಡ್ಕಂಡು ಕೂಗ್ತಾ ಅವ್ರೆ, ಊರಿಗೆ ಊರೇ ಓಡ್ತಾ ಅದೆ! ನಾನೂ ಓಗಿದ್ನಲ್ಲ, ಸೊಪ್ಪು ಇಡ್ಕಂಡು. ಇವ್ರು ಮಾತ್ರ ಮೈಕು ಬುಟ್ಟು ಅಳ್ಳಾಡ್ಲಿಲ್ಲ. ಬ್ಯಾಟ್ರಿ ಉರಿನೀರು ಕೈಮೇಲೆ ಚೆಲ್ಲಿದ್ರೂ ಬುಡ್ಲಿಲ್ಲ ಕಣಕ್ಕ, ಕೈ ತೋರ್ಸಿ ಅವರ್ಗೆ."

ಸೊಪ್ಪು ಹಿಡಿದುಕೊಂಡು ಅವಳು ಹೋಗಿದ್ದದ್ದು ನಿಜ, ಬೂದಿ ಬಡಿಯಲು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದೇ ಅವನ ಮೈಗೆ ಬೆಂಕಿ ಇಟ್ಟಿತು. ತಟ್ಟೆಯನ್ನು ನೂಕಿದ, ಅದು ಹೊಸಲಿಗೆ ಬಡಿದು ನಿಂತಿತು.

"ಸುಳ್ಳು!" ಎಂದ. "ಒಬ್ಬರೂ ಬರ್ಲಿಲ್ಲ. ನಾನು ಕರೆದೆ, ನಕ್ಕರು. ಚಪ್ಪಾಳೆ ಹೊಡೆದರು. ನಾನೊಬ್ಬನೇ ಹತ್ತಿದೆ, ನಾನೊಬ್ಬನೇ ಬಡಿದೆ. ಬೆಂಕಿ ಈ ಕಡೆ ಆರಿದರೆ ಆ ಕಡೆ ಎದ್ದಿತು! ಒಂದು ಮೊಲ, ಮೈಯೆಲ್ಲ ಉರಿ ಹೊತ್ತುಕೊಂಡು, ಕಾಡಿಗೆಲ್ಲ ಕಿಚ್ಚಿಡುತ್ತ ಓಡಿತು! ಈ ಕೈ ಸುಟ್ಟದ್ದು ಬ್ಯಾಟರಿಯಿಂದಲ್ಲ, ಕೆಂಡದಿಂದ. ಬೋರೆ ಉಳಿಯಲಿಲ್ಲ. ಕಣ್ಣಿದ್ದವರು ನೋಡಿ, ಉಳಿಯಲಿಲ್ಲ!"

ಎಲ್ಲಿ ಏರಬೇಕೋ ಅಲ್ಲಿ ಏರಿತ್ತು. ಎಲ್ಲಿ ಇಳಿಯಬೇಕೋ ಅಲ್ಲಿ ಇಳಿದಿತ್ತು. ಮೊಲದ ಹತ್ತಿರ ಅವನು ಒಂದು ಉಸಿರಿನಷ್ಟು ತಡೆದಿದ್ದ, ತನಗೆ ಗೊತ್ತಿಲ್ಲದೆಯೇ. ಆಡುಮಾತು ಯಾವಾಗ ಬಿಟ್ಟುಹೋಯಿತೋ ಅದೂ ಗೊತ್ತಾಗಿರಲಿಲ್ಲ. ಚನ್ನಾಜಮ್ಮನ ಕಣ್ಣಲ್ಲಿ ನೀರಿತ್ತು; ಅವಳು ಅವನ ಬಾಯಿಯನ್ನು ನೋಡುತ್ತಿದ್ದಳು.

ಕೆಂಪನಂಜಪ್ಪ ತೊಡೆ ತಟ್ಟಿ, "ಆಹಾ," ಎಂದ. "ಎಂಥ ಗಂಟ್ಲು ಕಣಪ್ಪ ನಿಂದು! ಕಣ್ಣಿಗೆ ಕಟ್ಟಂಗೆ ಏಳ್ತೀಯ. ರೇಡಿಯೋದೋನೂ ಇಷ್ಟು ಚೆನ್ನಾಗಿ ಏಳ್ಲಿಲ್ಲ."

"ಆ ಮೊಲದ್ದು ರೇಡಿಯೋದಲ್ಲಿ ಬರ್ಲೇ ಇಲ್ಲ, ಪಾಪ," ಎಂದಳು ಚನ್ನಾಜಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಶಿವರತ್ನಮ್ಮ ತಟ್ಟೆ ಎತ್ತಿಕೊಂಡು ಬಂದು ಅವನ ಮುಂದಿಟ್ಟು, ಚೆಲ್ಲಿದ್ದಕ್ಕೆ ಬದಲು ಹೊಸ ಅನ್ನ ಬಡಿಸಿದಳು. ಬಾಗಿಲಲ್ಲಿ ನೆರೆಯವರು ಇಣುಕಿದ್ದರು, ಗದ್ದಲ ಕೇಳಿ. ಅವಳು ಅವರ ಕಡೆ ತಿರುಗಿ, "ಒಳಿಕ್ ಬನ್ನಿ, ಕೂತ್ಕಳಿ," ಎಂದಳು, ಆಮೇಲೆ ಗಂಡನಿಗೆ, ಮೆಲ್ಲಗೆ, ಹೆಮ್ಮೆಯಿಂದ: "ಇವ್ರು ಮೊದ್ಲಿಂದ ಕೇಳ್ಲಿಲ್ಲ. ಇನ್ನೊಂದ್ಸಲ ಏಳಿ."

ಅವರು ಬಂದು ಕೂತರು. ಮಾತು ನಿಲ್ಲಿಸಿ ಕಾದರು. ಅವನು ಎದ್ದುಬಿಡಬೇಕೆಂದುಕೊಂಡ, ಅವರನ್ನು ದಾಟಿ ಹೊರಗೆ ಹೋಗಬೇಕೆಂದುಕೊಂಡ. ಗಂಟಲು ತಾನಾಗಿ ಕೆಮ್ಮಿ ಸರಿಯಾಯಿತು. ಅನ್ನದ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಗುರುಪಾದಸ್ವಾಮಿ ಮೊದಲಿನಿಂದ ಶುರುಮಾಡಿದ.